ಕೀ ಇರುವುದು ಯಾರ ಹತ್ತಿರ?

ಮಾರಿಕುಪ್ಪಂ ಬಿಟ್ಟ ಬೆಳಗಿನ ರೈಲು ಚಾಂಪಿಯನ್, ಊರಿಗಾಂ, ಕೋರಮಂಡಲ್, ಬಿಇಎಂಎಲ್ ನಗರ ದಾಟಿ ಬಂಗಾರಪೇಟೆ ಸೇರುವ ಹೊತ್ತಿಗೆ ಕಾಲಿಡಲು ಜಾಗ ಇರುವುದಿಲ್ಲ. 1894ರಲ್ಲಿ ಈ ಹಳಿ ಹಾಕಿದ್ದು ಚಿನ್ನದ ಗಣಿಗಳಿಗಾಗಿ. ಆಗ ಕೆಲಸ ಹುಡುಕುವವರು ಈ ದಿಕ್ಕಿಗೆ ಬರುತ್ತಿದ್ದರು. 2001ರ ಫೆಬ್ರವರಿ 28ಕ್ಕೆ ಭಾರತ್ ಗೋಲ್ಡ್ ಮೈನ್ಸ್ ಗಣಿಗಳು ಮುಚ್ಚಿದವು. ಈಗ ಅದೇ ಹಳಿಯ ಮೇಲೆ ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ನರ್ಸ್‌ಗಳು, ಸೆಕ್ಯುರಿಟಿ ಗಾರ್ಡ್‌ಗಳು, ಸಾಫ್ಟ್‌ವೇರಿನವರು ಬೆಳಗ್ಗೆ ಬೆಂಗಳೂರಿಗೆ ಹೋಗಿ ರಾತ್ರಿ ವಾಪಸಾಗುತ್ತಾರೆ. ಬಂಗಾರಪೇಟೆಯಿಂದ ಲೆಕ್ಕ ಹಾಕಿದರೂ ಒಂದು ಕಡೆಗೆ ಸುಮಾರು 70 ಕಿಲೋಮೀಟರ್.

ಈ ಗುಂಪಿನಲ್ಲಿ ಅಕ್ಕಪಕ್ಕ ಕೂತ ಇಬ್ಬರು. ಒಬ್ಬಾಕೆ ವೈಟ್‌ಫೀಲ್ಡ್‌ನ ಕಂಪನಿಯೊಂದರ ಸರ್ವರ್‌ಗಳನ್ನು ನೋಡಿಕೊಳ್ಳುವವರು. ವಾರದಲ್ಲಿ ಒಂದೆರಡು ದಿನ ಊರಿಗಾಂನ ಮನೆಯಿಂದಲೇ ಕೆಲಸ, ಉಳಿದ ದಿನ ರೈಲು. ಇನ್ನೊಬ್ಬ ಅದೇ ಬೀದಿಯ ಹುಡುಗ, ಎಂಜಿನಿಯರಿಂಗ್ ಕೊನೆಯ ವರ್ಷ, ಇಂಟರ್ನ್‌ಶಿಪ್ ಎಂದು ಓಡಾಡುತ್ತಿರುವವನು. ಅವನು ಬ್ಯಾಗನ್ನು ತೊಡೆಯ ಮೇಲಿಟ್ಟು, ಅದರ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದ. ವಿಎಸ್ ಕೋಡ್ ಎಡಿಟರಿನ ಮೇಲ್ಭಾಗದಲ್ಲಿ ಒಂದು ಪಟ್ಟಿ ಮೂಡಿ ಪಾಸ್‌ಫ್ರೇಸ್ ಕೇಳಿತು.

"ಅಕ್ಕಾ, ಇದೊಂದು ನೋಡಿ. ಎಸ್‌ಎಸ್‌ಎಚ್ ಕೀ ಮಾಡಿದೀನಿ, ಏಜೆಂಟ್‌ಗೂ ಸೇರಿಸಿದೀನಿ. ಗಿಟ್ ಬ್ಯಾಶ್‌ನಲ್ಲಿ ಸರ್ವರ್‌ಗೆ ಸಲೀಸಾಗಿ ಹೋಗುತ್ತೆ, ಏನೂ ಕೇಳಲ್ಲ. ಎಡಿಟರ್‌ನಿಂದ ಹೋದರೆ ಮಾತ್ರ ಪ್ರತಿ ಸಲ ಪಾಸ್‌ಫ್ರೇಸ್. ಈ ಎಡಿಟರ್‌ಗೆ ಕೀನ ಎಲ್ಲಿ ತುಂಬಬೇಕು?"

"ಎಲ್ಲೂ ತುಂಬಬಾರದು. ಎಡಿಟರ್‌ಗೆ ನಿನ್ನ ಕೀ ಬೇಕಾಗೇ ಇಲ್ಲ."

"ಹಾಗಂದ್ರೆ?"

"ಎಡಿಟರ್ ತಾನೇ ಸರ್ವರ್ ಹತ್ತಿರ ಹೋಗಲ್ಲ ಕಣೋ. ನಿನ್ನ ಲ್ಯಾಪ್‌ಟಾಪ್‌ನಲ್ಲಿರೋ ಎಸ್‌ಎಸ್‌ಎಚ್ ಅನ್ನೋ ಪ್ರೋಗ್ರಾಮ್‌ನ ಕರೆದು, 'ಆ ಸರ್ವರ್‌ಗೆ ಒಂದು ದಾರಿ ಮಾಡಿಕೊಡು' ಅನ್ನುತ್ತೆ. ಎಸ್‌ಎಸ್‌ಎಚ್ ಏಜೆಂಟ್‌ನ ಕೇಳುತ್ತೆ. ಕೀ ಇರೋದು ಏಜೆಂಟ್ ಅನ್ನೋ ಇನ್ನೊಂದು ಪ್ರೋಗ್ರಾಮ್ ಹತ್ತಿರ. ಹಾಗಾಗಿ ಏನೇ ತೊಂದರೆ ಬಂದರೂ ಮೊದಲು ಕೇಳಬೇಕಾದ್ದು ಒಂದೇ: ಈಗ ಕೀ ಯಾರ ಹತ್ತಿರ ಇದೆ, ಅವರನ್ನ ಕೇಳ್ತಿರೋದು ಯಾರು? ನಿನ್ನ ಲ್ಯಾಪ್‌ಟಾಪ್‌ನಲ್ಲಿ ಎಷ್ಟು ಎಸ್‌ಎಸ್‌ಎಚ್ ಇದಾವೆ?"

"ಒಂದೇ."

"ಎಣಿಸೋಣ ಬಾ."

ಗಿಟ್ ಬ್ಯಾಶ್ ತೆರೆದು 'ವಿಚ್ ಎಸ್‌ಎಸ್‌ಎಚ್' ಎಂದು ಬರೆಯುವಂತೆ ಆಕೆ ಹೇಳಿದರು. ಯುಎಸ್‌ಆರ್ ಫೋಲ್ಡರಿನೊಳಗಿನ ಬಿನ್ ಎಂದು ದಾರಿ ತೋರಿಸಿತು. ಆಮೇಲೆ ಪವರ್‌ಶೆಲ್‌ನಲ್ಲಿ 'ವೇರ್ ಡಾಟ್ ಇಎಕ್ಸ್‌ಇ ಎಸ್‌ಎಸ್‌ಎಚ್'. ಈ ಸಲ ಬಂದದ್ದು ವಿಂಡೋಸ್‌ನ ಸಿಸ್ಟಮ್32 ಒಳಗಿನ ಓಪನ್‌ಎಸ್‌ಎಸ್‌ಎಚ್ ಫೋಲ್ಡರ್. ಎರಡು ಬೇರೆ ಪ್ರೋಗ್ರಾಮ್‌ಗಳು. ಗಿಟ್ ತನ್ನ ಜೊತೆಗೇ ಒಂದನ್ನು ತಂದಿತ್ತು. ಇನ್ನೊಂದನ್ನು 2018ರ ಅಪ್‌ಡೇಟ್‌ನಿಂದ ಮೈಕ್ರೋಸಾಫ್ಟ್ ವಿಂಡೋಸ್ 10ರ ಜೊತೆಯಲ್ಲೇ ಕೊಡತೊಡಗಿತು.

"ಈಗ ಎರಡರಲ್ಲೂ 'ಎಸ್‌ಎಸ್‌ಎಚ್-ಆಡ್ ಮೈನಸ್ ಎಲ್' ಕೊಡು. ಏಜೆಂಟ್ ಹತ್ತಿರ ಯಾವ ಯಾವ ಕೀ ಇದೆ ಅಂತ ಹೇಳುತ್ತೆ."

ಗಿಟ್ ಬ್ಯಾಶ್ ಒಂದು ಕೀ ತೋರಿಸಿತು. ಪವರ್‌ಶೆಲ್, ಏಜೆಂಟ್‌ನ ಸಂಪರ್ಕವೇ ಆಗುತ್ತಿಲ್ಲ ಎಂದಿತು.

"ಓ! ನಾನು ಕೊಟ್ಟಿದ್ದು ಒಬ್ಬನಿಗೆ, ಎಡಿಟರ್ ಕೇಳ್ತಿರೋದು ಇನ್ನೊಬ್ಬನನ್ನ."

"ಹೌದು, ಎಡಿಟರ್ ಕರೆಯೋದು ವಿಂಡೋಸ್‌ನ ಎಸ್‌ಎಸ್‌ಎಚ್‌ನ. ಅದರ ಏಜೆಂಟ್ ಎದ್ದೇ ಇಲ್ಲ. ವಿಂಡೋಸ್‌ನಲ್ಲಿ ಏಜೆಂಟ್ ಸರ್ವಿಸ್ ಮೊದಲಿಗೆ ಡಿಸೇಬಲ್ ಆಗೇ ಇರುತ್ತೆ. ಸರ್ವಿಸಸ್ ಕಿಟಕಿ ತೆಗಿ, ಓಪನ್‌ಎಸ್‌ಎಸ್‌ಎಚ್ ಅಥೆಂಟಿಕೇಶನ್ ಏಜೆಂಟ್ ಹುಡುಕು, ಆಟೋಮ್ಯಾಟಿಕ್ ಮಾಡಿ ಸ್ಟಾರ್ಟ್ ಕೊಡು. ಆಮೇಲೆ ಪವರ್‌ಶೆಲ್‌ನಿಂದಲೇ ಕೀ ಸೇರಿಸು."

ಕೋರಮಂಡಲ್ ಸ್ಟೇಷನ್ ಬರುವಷ್ಟರಲ್ಲಿ ಅಷ್ಟೂ ಮುಗಿಯಿತು. ಹುಡುಗ ಪಾಸ್‌ಫ್ರೇಸ್ ಒಂದೇ ಸಲ ಕೊಟ್ಟ. ಎಡಿಟರ್ ಮುಚ್ಚಿ ತೆರೆದ. ಏನನ್ನೂ ಕೇಳದೆ ಎಡಗಡೆ ಮುಂಬೈ ಸರ್ವರಿನ ಫೋಲ್ಡರ್‌ಗಳು ಬಂದು ಕೂತವು. ಪ್ರಾಜೆಕ್ಟ್‌ಗೆಂದು ಅಮೆಜಾನ್‌ನ ಮುಂಬೈ ಕೇಂದ್ರದಲ್ಲಿ ಗೆಳೆಯರೆಲ್ಲ ಸೇರಿ ಬಾಡಿಗೆಗೆ ಹಿಡಿದ ಸಣ್ಣ ಮೆಷಿನ್ ಅದು. ಆ ಕೇಂದ್ರ ಶುರುವಾದದ್ದು 2016ರ ಜೂನ್‌ನಲ್ಲಿ.

"ಇನ್ನೊಂದು ಗಮನದಲ್ಲಿಟ್ಟುಕೋ," ಎಂದರು ಆಕೆ. "ಲಿನಕ್ಸ್‌ನಲ್ಲಿ ಏಜೆಂಟ್ ನಿಂತರೆ ಅದರ ಹತ್ತಿರ ಇದ್ದ ಕೀಗಳೂ ಹೋದವು, ಮತ್ತೆ ಸೇರಿಸಬೇಕು. ವಿಂಡೋಸ್ ಏಜೆಂಟ್ ಹಾಗಲ್ಲ. ರೀಸ್ಟಾರ್ಟ್ ಮಾಡಿದರೂ ಕೀ ಹಾಗೇ ಇರುತ್ತೆ, ನಿನ್ನ ವಿಂಡೋಸ್ ಅಕೌಂಟಿಗೆ ಕಟ್ಟಿಹಾಕಿ ಇಟ್ಟುಕೊಂಡಿರುತ್ತೆ. ಅನುಕೂಲವೇ. ಆದರೆ ಇನ್ನು ಮೇಲೆ ನಿನ್ನ ಕೀನ ಕಾಯೋದು ಪಾಸ್‌ಫ್ರೇಸ್ ಅಲ್ಲ, ವಿಂಡೋಸ್ ಲಾಗಿನ್. ಅದಕ್ಕೆ ಏನಿಟ್ಟಿದೀಯ?"

ಹುಡುಗ ನಕ್ಕು ಕಿಟಕಿಯ ಕಡೆ ನೋಡಿದ.

"ಇವತ್ತೇ ಬದಲಾಯಿಸು."

ಬಂಗಾರಪೇಟೆಯಲ್ಲಿ ಇಳಿಯುವವರಿಗಿಂತ ಹತ್ತುವವರೇ ಹೆಚ್ಚು. ನಿಂತವರ ಬ್ಯಾಗುಗಳು ಕೂತವರ ತಲೆಗೆ ತಾಗುತ್ತಿದ್ದವು. ಹುಡುಗ ಸ್ಕ್ರೀನನ್ನು ಅರ್ಧ ಮಡಿಸಿ ಇನ್ನೊಂದು ಅನುಮಾನ ತೆಗೆದ.

"ಅಕ್ಕಾ, ಕೀ ಏಜೆಂಟ್ ಹತ್ತಿರ ಇದೆ, ಸರಿ. ಸರ್ವರ್‌ಗೆ ಹೋಗುವಾಗ ಕಳಿಸಲೇಬೇಕಲ್ಲ? ಪಾಸ್‌ವರ್ಡ್ ಹೋದ ಹಾಗೆ ಕೀನೂ ಹೋಗುತ್ತೆ ತಾನೇ?"

"ಹೋಗಲ್ಲ. ಪಾಸ್‌ವರ್ಡ್‌ಗೂ ಕೀಗೂ ಇರೋ ವ್ಯತ್ಯಾಸ ಅದೇ. ಕೀ ಮಾಡಿದಾಗ ಎರಡು ಫೈಲ್ ಬಂತಲ್ಲ? ಡಾಟ್ ಪಬ್ ಅಂತ ಇರೋದು ಪಬ್ಲಿಕ್ ಕೀ, ಸರ್ವರ್‌ನಲ್ಲಿ ಬರೆದಿಡೋದು ಅದನ್ನ. ಇನ್ನೊಂದು ಪ್ರೈವೇಟ್ ಕೀ, ಅದು ಲ್ಯಾಪ್‌ಟಾಪ್ ಬಿಟ್ಟು ಆಚೆ ಹೋಗಲ್ಲ. ಸಂಪರ್ಕ ಶುರುವಾದ ಕೂಡಲೇ ಎರಡೂ ಕಡೆಯವರು ಸೇರಿ ಆ ಸಲಕ್ಕೆ ಮಾತ್ರ ಸೇರಿದ ಒಂದು ಗುರುತಿನ ಸಂಖ್ಯೆ ಮಾಡ್ಕೋತಾರೆ. ಎಸ್‌ಎಸ್‌ಎಚ್ ಅದನ್ನ ಏಜೆಂಟ್ ಮುಂದಿಟ್ಟು ಸಹಿ ಕೇಳುತ್ತೆ. ಏಜೆಂಟ್ ಪ್ರೈವೇಟ್ ಕೀಯಿಂದ ಸಹಿ ಹಾಕಿ ಸಹಿ ಮಾತ್ರ ಆಚೆ ಕೊಡುತ್ತೆ. ಸರ್ವರ್ ತನ್ನ ಹತ್ತಿರ ಇರೋ ಪಬ್ಲಿಕ್ ಕೀ ಇಟ್ಟು ಆ ಸಹಿ ತಾಳೆ ನೋಡುತ್ತೆ. ದಾರೀಲಿ ಯಾರಾದರೂ ಸಹಿ ಕದ್ದರೂ ಇನ್ನೊಂದು ಸಂಪರ್ಕಕ್ಕೆ ಅದು ಕೆಲಸಕ್ಕೆ ಬರಲ್ಲ. ಯಾಕಂದ್ರೆ ಗುರುತಿನ ಸಂಖ್ಯೆ ಬೇರೆ ಆಗಿರುತ್ತೆ. ಏಜೆಂಟ್ ಜೊತೆ ಮಾತಾಡೋ ಪ್ರೋಟೋಕಾಲ್‌ನಲ್ಲಿ 'ಪ್ರೈವೇಟ್ ಕೀ ಕೊಡು' ಅನ್ನೋ ಕೇಳಿಕೆಗೇ ಜಾಗ ಇಲ್ಲ. 'ಸಹಿ ಹಾಕು' ಅನ್ನಬಹುದು, ಅಷ್ಟೇ."

"ಅಂದ್ರೆ ಪಬ್ಲಿಕ್ ಕೀ ಕಂಪನಿ ರಿಜಿಸ್ಟರ್‌ನಲ್ಲಿ ಒತ್ತಿಸಿಕೊಂಡ ಬೆರಳಚ್ಚು ಇದ್ದ ಹಾಗೆ. ನಮ್ಮೂರಲ್ಲಿ ಅದಕ್ಕೇ ಒಂದು ಸ್ಟ್ರೈಕ್ ಆಗಿತ್ತಂತೆ ಅಲ್ವಾ?"

ಆಗಿತ್ತು. ಗಣಿ ಕೆಲಸಗಾರರು ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಿಕೊಳ್ಳಬೇಕೆಂಬ ನಿಯಮ ಬಂದಾಗ, 1930ರಲ್ಲಿ ಕೋಲಾರ ಚಿನ್ನದ ಗಣಿಗಳಲ್ಲಿ ದೊಡ್ಡ ಮುಷ್ಕರ ನಡೆಯಿತು. ಮೈಸೂರು ಸಂಸ್ಥಾನದ ಕಾರ್ಮಿಕ ಚರಿತ್ರೆ ಬರೆದವರೆಲ್ಲ ನಿಂತು ನೋಡುವ ಘಟನೆ ಅದು. ಕೆಲಸಗಾರನನ್ನು ಗುರುತಿಸುವ ಗುರುತು ಕಂಪನಿಯ ಕೈಯಲ್ಲಿ ಕಾಯಂ ಆಗಿ ಉಳಿದರೆ, ಒಮ್ಮೆ ತೆಗೆದುಹಾಕಿದವನಿಗೆ ಮತ್ತೆಲ್ಲೂ ಕೆಲಸ ಸಿಗದಂತೆ ಮಾಡುವುದು ಸುಲಭ.

"ಹೋಲಿಕೆ ಅರ್ಧದವರೆಗೆ ಸರಿ," ಎಂದರು ಆಕೆ. "ಬೆರಳು ಬದಲಾಯಿಸೋಕಾಗಲ್ಲ. ಕೀ ಬೇಡವಾದರೆ ಬಿಸಾಕಿ ಇನ್ನೊಂದು ಮಾಡಬಹುದು. ಆಫೀಸ್ ಲ್ಯಾಪ್‌ಟಾಪ್‌ಗೊಂದು, ಮನೆ ಲ್ಯಾಪ್‌ಟಾಪ್‌ಗೊಂದು ಬೇರೆ ಬೇರೆ ಇಡಬಹುದು, ಇಡಲೇಬೇಕು. ಒಂದು ಕಳೆದರೆ ಅದರ ಸಾಲು ಮಾತ್ರ ಸರ್ವರ್‌ನಿಂದ ತೆಗೆದರಾಯಿತು, ಉಳಿದ ಕೆಲಸ ನಿಲ್ಲಲ್ಲ. ಇನ್ನೊಂದು ವಿಷಯ: ರಿಜಿಸ್ಟರ್ ಕದ್ದವನಿಗೆ ಇಲ್ಲಿ ಏನೂ ಸಿಗಲ್ಲ. ಪಬ್ಲಿಕ್ ಕೀ ಇಟ್ಟುಕೊಂಡು ಸಹಿ ಹಾಕೋಕಾಗಲ್ಲ."

ಪಾಸ್‌ವರ್ಡ್ ಕಳ್ಳತನದಿಂದಲೇ ಎಸ್‌ಎಸ್‌ಎಚ್ ಹುಟ್ಟಿದ್ದು. ಫಿನ್ಲೆಂಡ್‌ನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಹೊಂಚು ಹಾಕಿ ಹಾದುಹೋಗುವ ಪಾಸ್‌ವರ್ಡ್‌ಗಳನ್ನು ಹಿಡಿದಿದ್ದರು. ಅಲ್ಲಿದ್ದ ತಾತು ಯ್ಲೋನೆನ್ 1995ರಲ್ಲಿ ಇದನ್ನು ಬರೆದರು. ಆವರೆಗೆ ದೂರದ ಮೆಷಿನ್‌ಗೆ ಹೋಗಲು ಬಳಕೆಯಲ್ಲಿದ್ದ ಟೆಲ್‌ನೆಟ್ ಎಲ್ಲವನ್ನೂ ಬಿಚ್ಚಿಟ್ಟು ಕಳಿಸುತ್ತಿತ್ತು. ಎಫ್‌ಟಿಪಿಯ ಪೋರ್ಟ್ 21, ಟೆಲ್‌ನೆಟ್‌ನದು 23. ನಡುವೆ ಖಾಲಿ ಇದ್ದ 22ನ್ನು ಯ್ಲೋನೆನ್ ಕೇಳಿ ಪಡೆದರು, ಇಂದಿಗೂ ಅದೇ ಇದೆ. ಈಗ ಬಹುತೇಕ ಎಲ್ಲರೂ ಬಳಸುವ ಓಪನ್‌ಎಸ್‌ಎಸ್‌ಎಚ್ ಅನ್ನು ಓಪನ್‌ಬಿಎಸ್‌ಡಿ ತಂಡ 1999ರಲ್ಲಿ ಹೊರತಂದಿತು.

"ಪಾಸ್‌ವರ್ಡ್ ಇನ್ನೂ ನಡೆಯುತ್ತಲ್ಲ ಅಕ್ಕ? ನಮ್ಮ ಕ್ಲಾಸ್‌ನಲ್ಲಿ ಸುಮಾರು ಜನ ಅದನ್ನೇ ಇಟ್ಟಿದಾರೆ."

"ಗಿಟ್‌ಹಬ್‌ನಲ್ಲಿ ನಡೆಯುತ್ತಾ ಕೇಳು. 2021ರ ಆಗಸ್ಟ್ 13ರಿಂದ ಕೋಡ್ ಕಳಿಸೋಕೆ, ತರೋಕೆ ಅಲ್ಲಿ ಅಕೌಂಟ್ ಪಾಸ್‌ವರ್ಡ್ ನಿಲ್ಲಿಸಿಬಿಟ್ಟರು. ಇಂಟರ್ನೆಟ್‌ಗೆ ತೆರೆದಿರೋ ಯಾವುದೇ ಸರ್ವರ್‌ನ ಲಾಗ್ ತೆಗೆದು ನೋಡು. ದಿನಪೂರ್ತಿ ಯಾರ್ಯಾರೋ ರೂಟ್, ಅಡ್ಮಿನ್, ಟೆಸ್ಟ್ ಅಂತ ಹೆಸರು ಹಾಕಿ ಪಾಸ್‌ವರ್ಡ್ ಊಹೆ ಮಾಡ್ತಾ ಇರ್ತಾರೆ. ಪಾಸ್‌ವರ್ಡ್ ದಾರಿ ಮುಚ್ಚಿ ಕೀ ಮಾತ್ರ ಇಟ್ಟರೆ ಆ ಊಹೆಗಳೆಲ್ಲ ವ್ಯರ್ಥ."

ಮಾಲೂರಿಗೆ ಮುಂಚೆ ಟೇಕಲ್ ಆಸುಪಾಸಿನಲ್ಲಿ ಮೊಬೈಲ್ ನೆಟ್ ಕೈಕೊಟ್ಟಿತು. ಎಡಿಟರಿನ ಮೂಲೆಯಲ್ಲಿ 'ಮತ್ತೆ ಸಂಪರ್ಕಿಸಲಾಗುತ್ತಿದೆ' ಎಂಬ ಅರ್ಥದ ಸಂದೇಶ ತಿರುಗತೊಡಗಿತು. ಹುಡುಗ ಹಣೆ ಗಂಟಿಕ್ಕಿದ.

"ಹೆದರಬೇಡ. ನೆಟ್ ಬಂದ ಮೇಲೆ ತಾನೇ ಜೋಡಿಸಿಕೊಳ್ಳುತ್ತೆ. ಏಜೆಂಟ್ ಇಲ್ಲದಿದ್ದರೆ ಪ್ರತಿ ಸಲ ಪಾಸ್‌ಫ್ರೇಸ್ ಟೈಪ್ ಮಾಡ್ತಾ ಕೂರಬೇಕಿತ್ತು. ಆ ಸಂಕಟಕ್ಕೇ ಜನ ಪಾಸ್‌ಫ್ರೇಸ್ ತೆಗೆದುಹಾಕಿ ಕೀನ ಬರಿಗೈಯಲ್ಲಿ ಇಡೋದು."

"ಎಡಿಟರ್ ಸರ್ವರ್ ಮೇಲೆ ಕೆಲಸ ಮಾಡೋದು ಹೇಗೆ? ಫೈಲ್ ಇಲ್ಲಿಗೆ ಬರುತ್ತಾ?"

"ತೆರೆದ ಫೈಲಿನ ಅಕ್ಷರ ಮಾತ್ರ ಸ್ಕ್ರೀನಿಗೆ ಬರುತ್ತೆ. 2019ರ ಮೇನಲ್ಲಿ ಮೈಕ್ರೋಸಾಫ್ಟ್ ಈ ರಿಮೋಟ್ ಎಸ್‌ಎಸ್‌ಎಚ್ ಎಕ್ಸ್‌ಟೆನ್ಶನ್ ಬಿಟ್ಟಿತು. ಅದಕ್ಕೆ ಮುಂಚೆ ಏನಿತ್ತು ಅಂದ್ರೆ, ವಿನ್‌ಎಸ್‌ಸಿಪಿನಲ್ಲಿ ಫೈಲ್ ಇಳಿಸಿಕೋ, ತಿದ್ದು, ಮತ್ತೆ ಏರಿಸು. ಇಲ್ಲಾಂದ್ರೆ ಸರ್ವರ್ ಒಳಗೇ ಕೂತು ವಿಮ್‌ನಲ್ಲಿ ಬರಿ. ಈಗ ಎಡಿಟರ್ ಎರಡು ತುಂಡಾಗುತ್ತೆ. ಕಣ್ಣಿಗೆ ಕಾಣೋದು ಲ್ಯಾಪ್‌ಟಾಪ್‌ನಲ್ಲಿ. ಹುಡುಕೋದು, ಕೋಡ್ ಅರ್ಥ ಮಾಡಿಕೊಳ್ಳೋದು, ಓಡಿಸೋದು ಸರ್ವರ್‌ನಲ್ಲಿ. ಸರ್ವರ್‌ನಲ್ಲಿರೋ ನಿನ್ನ ಹೋಮ್ ಫೋಲ್ಡರ್‌ನಲ್ಲಿ ಡಾಟ್ ವಿಎಸ್‌ಕೋಡ್-ಸರ್ವರ್ ಅಂತ ಒಂದು ಬಂದಿರುತ್ತೆ ನೋಡು, ಅದೇ ಆ ಎರಡನೇ ತುಂಡು."

"ಅದಕ್ಕೇನಾ ನಮ್ಮ ಸರ್ವರ್ ಆಗಾಗ ಉಸಿರು ಕಟ್ಟಿದ ಹಾಗಾಗೋದು?"

"ಎಷ್ಟು ರ‍್ಯಾಮ್?"

"ಒಂದು ಜಿಬಿ. ಮೂರು ಜನ ಒಟ್ಟಿಗೆ ಕೂರ್ತೀವಿ."

"ಒಂದು ಜಿಬಿ ಕನಿಷ್ಠ, ಎರಡಾದರೂ ಇರಲಿ ಅಂತ ಅವರ ಸೂಚನೆಯಲ್ಲೇ ಇದೆ. ಅದೂ ಒಬ್ಬೊಬ್ಬರಿಗೆ ಒಂದೊಂದು ತುಂಡು ಓಡುತ್ತೆ. ಪಾಪದ ಮೆಷಿನ್."

ನೆಟ್ ವಾಪಸಾಯಿತು. ಎಡಿಟರ್ ಏನೂ ಆಗದಂತೆ ಮುಂದುವರಿಯಿತು. ಹುಡುಗನಿಗೆ ಧೈರ್ಯ ಬಂತು.

"ಅಕ್ಕಾ, ಈ ಪ್ರೈವೇಟ್ ಕೀನ ಗೂಗಲ್ ಡ್ರೈವ್‌ನಲ್ಲಿ ಹಾಕಿಟ್ಟುಬಿಡ್ಲಾ? ಲ್ಯಾಪ್‌ಟಾಪ್ ಕೆಟ್ಟರೂ ಇರುತ್ತೆ. ಗೆಳೆಯನಿಗೂ ವಾಟ್ಸಾಪ್ ಮಾಡಿದ್ರೆ ಅವನೂ ಹೋಗಬಹುದು."

"ಗೆಳೆಯನಿಗೆ ಯಾಕೆ ಕೊಡಬೇಕು? ಅವನ ಪಬ್ಲಿಕ್ ಕೀ ತರಿಸಿಕೊಂಡು ಸರ್ವರ್‌ಗೆ ಹಾಕು. ಇಡಿ 25519 ಕೀ ಆದರೆ ಒಂದೇ ಸಾಲು, ಕೀ ಭಾಗ 68 ಅಕ್ಷರ, ವಾಟ್ಸಾಪ್‌ನಲ್ಲಿ ಬಂದರೂ ಚಿಂತೆಯಿಲ್ಲ. ನಿನ್ನ ಲ್ಯಾಪ್‌ಟಾಪ್ ಕೆಟ್ಟರೆ ಹೊಸದರಲ್ಲಿ ಹೊಸ ಕೀ ಮಾಡು. ಸರ್ವರ್‌ಗೆ ಹೋಗೋಕೆ ಇನ್ನೊಬ್ಬರಿಗೆ ದಾರಿ ಇದ್ದರೆ ಅವರು ನಿನ್ನ ಹೊಸ ಸಾಲು ಸೇರಿಸ್ತಾರೆ. ಹಳೇ ಕೀನ ಕಾಪಾಡಿಕೊಂಡು ಬರೋಕೆ ಅದೇನು ಅಜ್ಜಿ ಒಡವೆಯಾ?"

ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು ಒಡವೆ ಎಂದದ್ದಕ್ಕೆ ಇತ್ತ ತಿರುಗಿ, ಸ್ಕ್ರೀನ್ ನೋಡಿ, ಮತ್ತೆ ಫೋನಿಗೆ ವಾಪಸಾದರು.

ಕೀ ಇಡುವ ಜಾಗಗಳು ನಾಲ್ಕು ಬಗೆ ಎಂದು ಆಕೆ ವಿವರಿಸಿದರು. ಮೊದಲನೆಯದು ಪಾಸ್‌ಫ್ರೇಸ್ ಹಾಕಿದ ಫೈಲ್. ಕದ್ದವನಿಗೆ ಫೈಲ್ ಸಿಕ್ಕರೂ ಪಾಸ್‌ಫ್ರೇಸ್ ಸಿಗುವವರೆಗೆ ಉಪಯೋಗವಿಲ್ಲ. ಎರಡನೆಯದು ಆ ಫೈಲಿಗೆ ಜೊತೆಯಾಗಿ ಏಜೆಂಟ್. ಮೂರನೆಯದು ಪಾಸ್‌ವರ್ಡ್ ಮ್ಯಾನೇಜರ್: ಒನ್‌ಪಾಸ್‌ವರ್ಡ್, ಬಿಟ್‌ವಾರ್ಡನ್‌ನಂಥವು ಕೀಯನ್ನು ತಮ್ಮ ಪೆಟ್ಟಿಗೆಯಲ್ಲೇ ಇಟ್ಟುಕೊಂಡು ಎಸ್‌ಎಸ್‌ಎಚ್ ಕೇಳಿದಾಗ ಏಜೆಂಟ್ ಕೆಲಸ ಮಾಡುತ್ತವೆ. ಪೆಟ್ಟಿಗೆ ಬೀಗ ಹಾಕಿದರೆ ಕೀ ಸಿಗುವುದಿಲ್ಲ. ನಾಲ್ಕನೆಯದು ಯುಎಸ್‌ಬಿಗೆ ಸಿಕ್ಕಿಸುವ ಸೆಕ್ಯುರಿಟಿ ಕೀ. ಓಪನ್‌ಎಸ್‌ಎಸ್‌ಎಚ್‌ಗೆ ಅದರ ಬೆಂಬಲ ಬಂದದ್ದು 2020ರಲ್ಲಿ, 8.2ನೇ ಆವೃತ್ತಿಯಿಂದ. ಸಹಿ ಹಾಕಬೇಕಾದರೆ ಅದನ್ನು ಬೆರಳಿನಿಂದ ಮುಟ್ಟಬೇಕು.

"ಡೌನ್‌ಲೋಡ್ಸ್ ಫೋಲ್ಡರ್ ಅನ್ನೋದು ಐದನೇ ಜಾಗ. ಅಮೆಜಾನ್‌ನಿಂದ ಇಳಿಸಿದ ಪೆಮ್ ಫೈಲ್ ಅಲ್ಲೇ ಬಿದ್ದಿರುತ್ತೆ ಎಲ್ಲರದ್ದೂ."

"ನಂದೂ ಅಲ್ಲೇ ಇತ್ತು. ದೊಡ್ಡ ಅಕ್ಷರದಲ್ಲಿ 'ರಕ್ಷಣೆ ಇಲ್ಲದ ಪ್ರೈವೇಟ್ ಕೀ' ಅಂತ ಬೈದು, ಒಳಗೇ ಬಿಡಲಿಲ್ಲ."

"ಆ ಫೈಲನ್ನ ಬೇರೆ ಯೂಸರ್‌ಗಳೂ ಓದೋ ಹಾಗಿದ್ದರೆ ಎಸ್‌ಎಸ್‌ಎಚ್ ಅದನ್ನ ಮುಟ್ಟೋದೇ ಇಲ್ಲ. ಲಿನಕ್ಸ್‌ನಲ್ಲಿ ಪರ್ಮಿಶನ್ 600, ಫೋಲ್ಡರ್‌ಗೆ 700. ವಿಂಡೋಸ್‌ನಲ್ಲಿ ಪ್ರಾಪರ್ಟೀಸ್‌ಗೆ ಹೋಗಿ, ಮೇಲಿನ ಫೋಲ್ಡರ್‌ನಿಂದ ಬಂದ ಅನುಮತಿ ಕಡಿದು, ನಿನ್ನ ಹೆಸರು ಮಾತ್ರ ಉಳಿಸಬೇಕು. ಪುಟ್ಟಿ ಬಳಸೋರದ್ದು ಇನ್ನೊಂದು ಗೋಳು. ಅವರ ಕೀ ಪಿಪಿಕೆ ಫೈಲ್‌ನಲ್ಲಿರುತ್ತೆ, ಏಜೆಂಟ್ ಪೇಜೆಂಟ್ ಅಂತ ಬೇರೆ. ಎಡಿಟರ್ ಕರೆಯೋ ಎಸ್‌ಎಸ್‌ಎಚ್‌ಗೆ ಪಿಪಿಕೆ ಓದೋಕೆ ಬರಲ್ಲ. ಪುಟ್ಟಿಜೆನ್‌ನಲ್ಲಿ ತೆರೆದು ಓಪನ್‌ಎಸ್‌ಎಸ್‌ಎಚ್ ರೂಪಕ್ಕೆ ಎಕ್ಸ್‌ಪೋರ್ಟ್ ಮಾಡಬೇಕು."

ಮಾತಿನ ನಡುವೆ ಆಕೆ ಹುಡುಗನ ಕಾನ್ಫಿಗ್ ಫೈಲ್ ತೆರೆಸಿದರು. ಡಾಟ್ ಎಸ್‌ಎಸ್‌ಎಚ್ ಫೋಲ್ಡರಿನ ಆ ಫೈಲಿನಲ್ಲಿ ಸರ್ವರಿನ ಅಡ್ಡಹೆಸರು, ಐಪಿ, ಯೂಸರ್ ಹೆಸರು ಇದ್ದವು. ಇನ್ನೆರಡು ಸಾಲು ಸೇರಿಸಿಸಿದರು. ಐಡೆಂಟಿಟಿಫೈಲ್ ಎಂಬ ಸಾಲು ಯಾವ ಕೀ ಎಂದು ಹೇಳುತ್ತದೆ. ಐಡೆಂಟಿಟೀಸ್‌ಓನ್ಲಿ ಎಸ್ ಎಂಬುದು ಅದನ್ನು ಬಿಟ್ಟು ಬೇರೆಯದನ್ನು ತೋರಿಸಬೇಡ ಎನ್ನುತ್ತದೆ. ಏಜೆಂಟ್ ಬಳಿ ಏಳೆಂಟು ಕೀ ಇದ್ದರೆ ಎಸ್‌ಎಸ್‌ಎಚ್ ಒಂದಾದ ಮೇಲೊಂದು ತೋರಿಸುತ್ತಾ ಹೋಗುತ್ತದೆ. ಸರ್ವರ್ ಸಾಮಾನ್ಯವಾಗಿ ಆರಕ್ಕೆ ಸಾಕು ಎಂದು ಬಾಗಿಲು ಹಾಕುತ್ತದೆ. ಸರಿಯಾದ ಕೀ ಏಳನೆಯದಾಗಿದ್ದರೆ ಅದರ ಸರದಿಯೇ ಬರುವುದಿಲ್ಲ. ಈ ಫೈಲನ್ನೇ ಎಡಿಟರ್ ಕೂಡ ಓದುವುದರಿಂದ ಇಲ್ಲಿ ಸರಿಮಾಡಿದ್ದು ಎರಡೂ ಕಡೆ ಸರಿಹೋಗುತ್ತದೆ.

"ಈ ಫಾರ್ವರ್ಡ್‌ಏಜೆಂಟ್ ಎಸ್ ಅನ್ನೋ ಸಾಲು ಯಾರು ಹಾಕಿದ್ದು?" ಆಕೆಯ ದನಿ ಬಿಗಿಯಾಯಿತು.

"ನಾನೇ. ಸರ್ವರ್‌ನಿಂದ ಗಿಟ್‌ಹಬ್‌ಗೆ ಕೋಡ್ ಕಳಿಸಬೇಕು ಅಂದ್ರೆ ಅಲ್ಲೂ ಕೀ ಬೇಕಲ್ಲ. ಪ್ರೈವೇಟ್ ಕೀನ ಸರ್ವರ್‌ಗೆ ಕಾಪಿ ಮಾಡೋದು ತಪ್ಪು ಅಂತ ಯಾರೋ ಹೇಳಿದ್ರು, ಅದಕ್ಕೆ ಇದು. ಕೀ ಇಲ್ಲೇ ಇರುತ್ತೆ, ಆಚೆ ಹೋಗಲ್ಲ. ನೀವು ಹೇಳಿದ ಹಾಗೇ ಅಲ್ವಾ?"

"ಕೀ ಇಲ್ಲೇ ಇರುತ್ತೆ, ಸರಿ. ಆದರೆ ಸಹಿ ಕೇಳೋದು ಯಾರು? ಆ ಸಾಲು ಹಾಕಿದ ಮೇಲೆ ಮುಂಬೈ ಮೆಷಿನ್‌ಗೂ ನಿನ್ನ ಏಜೆಂಟ್‌ನ ಕೇಳೋ ಹಕ್ಕು ಬಂತು. ನೀನು ಸಂಪರ್ಕದಲ್ಲಿರೋವರೆಗೂ ಆ ಮೆಷಿನ್‌ನ ರೂಟ್ ಯಾರ ಕೈಯಲ್ಲಿದೆಯೋ ಅವರು ನಿನ್ನ ಹೆಸರಲ್ಲಿ ಸಹಿ ಹಾಕಿಸಿಕೊಂಡು ಇನ್ನೊಂದು ಸರ್ವರ್‌ಗೆ ಹೋಗಬಹುದು. 2019ರ ಏಪ್ರಿಲ್‌ನಲ್ಲಿ ಮ್ಯಾಟ್ರಿಕ್ಸ್ ಡಾಟ್ ಆರ್ಗ್ ಅನ್ನೋ ಮೆಸೇಜಿಂಗ್ ಸಂಸ್ಥೆಗೆ ಆಗಿದ್ದು ಹೀಗೇ. ಕಳ್ಳ ಅವರ ಹಳೇ ಜೆಂಕಿನ್ಸ್ ಸರ್ವರ್ ಮೂಲಕ ಒಳಗೆ ಬಂದ. ಅಲ್ಲಿಗೆ ಲಾಗಿನ್ ಆಗಿದ್ದವರ ಫಾರ್ವರ್ಡ್ ಆದ ಏಜೆಂಟ್ ಹಿಡಿದುಕೊಂಡು ಉಳಿದ ಸರ್ವರ್‌ಗಳಿಗೆ ಹೋದ."

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ.

"ಹಾಗಾದ್ರೆ ಗಿಟ್‌ಹಬ್‌ಗೆ ಏನು ಮಾಡೋದು?"

"ಡಿಪ್ಲಾಯ್ ಕೀ. ಆ ಸರ್ವರ್‌ನಲ್ಲೇ ಹೊಸ ಜೋಡಿ ಮಾಡು, ಅದರ ಪಬ್ಲಿಕ್ ಕೀನ ಆ ಒಂದು ರೆಪಾಸಿಟರಿಗೆ ಮಾತ್ರ ಸೇರಿಸು. ಅದು ಕಳುವಾದರೆ ಒಂದು ರೆಪಾಸಿಟರಿ ಅಷ್ಟೇ ಅಪಾಯದಲ್ಲಿ, ನಿನ್ನ ಇಡೀ ಅಕೌಂಟ್ ಅಲ್ಲ. ಒಂದು ಸರ್ವರ್ ದಾಟಿ ಇನ್ನೊಂದಕ್ಕೆ ಹೋಗಬೇಕಾದರೆ ಏಜೆಂಟ್ ಫಾರ್ವರ್ಡ್ ಬೇಡ, ಪ್ರಾಕ್ಸಿಜಂಪ್ ಅಂತಿದೆ, 2016ರಿಂದ. ಮಧ್ಯದ ಮೆಷಿನ್ ಬರೀ ದಾರಿ ಬಿಡುತ್ತೆ, ಸಹಿ ಕೇಳೋಕಾಗಲ್ಲ."

"ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಸರ್ವರ್ ನಂಬೋ ಹಾಗಿಲ್ಲ ಅಂತೀರ. ಆದ್ರೆ ಎಡಿಟರ್‌ನ ಅರ್ಧ ಭಾಗ ಅದೇ ಸರ್ವರ್‌ನಲ್ಲಿ ಓಡ್ತಿದೆ. ಅಲ್ಲಿ ಕೂತವನು ಆ ತುಂಡನ್ನೇ ತಿರುಚಿದರೆ, ನನ್ನ ಲ್ಯಾಪ್‌ಟಾಪ್ ಕಡೆಗೇ ಬರಲ್ವಾ?"

ಆಕೆ ಅವನ ಮುಖ ನೋಡಿದರು. "ಬರಬಹುದು. ಆ ಎಕ್ಸ್‌ಟೆನ್ಶನ್‌ನ ವಿವರಣೆಯಲ್ಲೇ ಆ ಎಚ್ಚರಿಕೆ ಇದೆ: ಸರ್ವರ್ ಕೆಟ್ಟವರ ಕೈಗೆ ಸಿಕ್ಕಿದ್ದರೆ ಆ ಸಂಪರ್ಕದ ಮೂಲಕವೇ ನಿನ್ನ ಲ್ಯಾಪ್‌ಟಾಪ್‌ನಲ್ಲಿ ಕೋಡ್ ಓಡಿಸಬಹುದು, ನಂಬಿಕೆ ಇರೋ ಮೆಷಿನ್‌ಗಳಿಗೆ ಮಾತ್ರ ಬಳಸಿ ಅಂತ. ಬರೀ ಟರ್ಮಿನಲ್‌ನಿಂದ ಹೋಗೋದಕ್ಕೆ ಅಷ್ಟು ಅಪಾಯ ಇಲ್ಲ. ಅನುಮಾನ ಬಂದ ಸರ್ವರ್ ಪರೀಕ್ಷೆ ಮಾಡುವಾಗ ನಾನು ಎಡಿಟರ್‌ನಿಂದ ಹೋಗಲ್ಲ."

"ಇದನ್ನ ಯಾರೂ ಹೇಳಿರಲಿಲ್ಲ."

"ನೀನೇ ಕಂಡುಕೊಂಡೆಯಲ್ಲ."

ಸರ್ವರ್ ನಮ್ಮನ್ನು ಗುರುತಿಸುವಂತೆ ನಾವೂ ಸರ್ವರನ್ನು ಗುರುತಿಸಬೇಕು. ಮೊದಲ ಸಲ ಹೋದಾಗ ಎಸ್‌ಎಸ್‌ಎಚ್ ಸರ್ವರಿನ ಕೀಯ ಉದ್ದನೆಯ ಫಿಂಗರ್‌ಪ್ರಿಂಟ್ ತೋರಿಸಿ ಮುಂದುವರಿಯಲೇ ಎಂದು ಕೇಳುತ್ತದೆ. ಎಲ್ಲರೂ ಓದದೆ ಎಸ್ ಒತ್ತುತ್ತಾರೆ. ಮುಂದೊಂದು ದಿನ ಅದು ಬದಲಾದರೆ ಎಸ್‌ಎಸ್‌ಎಚ್ ಹಟ ಹಿಡಿದು ನಿಲ್ಲುತ್ತದೆ. 2023ರ ಮಾರ್ಚ್‌ನಲ್ಲಿ ಹೀಗೇ ಆಯಿತು. ಗಿಟ್‌ಹಬ್‌ನ ಸ್ವಂತ ಆರ್‌ಎಸ್‌ಎ ಹೋಸ್ಟ್ ಕೀಯ ಪ್ರೈವೇಟ್ ಭಾಗ ಸ್ವಲ್ಪ ಹೊತ್ತು ಸಾರ್ವಜನಿಕ ರೆಪಾಸಿಟರಿಯೊಂದರಲ್ಲಿ ಕಾಣಿಸಿಕೊಂಡಿತ್ತು. ಅವರು ಕೀ ಬದಲಾಯಿಸಿದರು. ಹಳೆಯದನ್ನು ನೆನಪಿಟ್ಟುಕೊಂಡಿದ್ದ ಕಂಪ್ಯೂಟರ್‌ಗಳೆಲ್ಲ ಎಚ್ಚರಿಕೆ ಕೊಡತೊಡಗಿದವು. ಆ ದಿನ ಗಿಟ್‌ಹಬ್ ಪ್ರಕಟಿಸಿದ ಹೊಸ ಫಿಂಗರ್‌ಪ್ರಿಂಟ್ ಜೊತೆ ತಾಳೆ ನೋಡಿ ಹಳೇ ಸಾಲು ತೆಗೆಯುವುದು ಸರಿಯಾದ ಕ್ರಮವಾಗಿತ್ತು.

ಮಾಲೂರು ದಾಟಿತ್ತು. ದೇವನಗೊಂದಿಯ ಎಣ್ಣೆ ಟ್ಯಾಂಕುಗಳು ಹಿಂದೆ ಸರಿಯುತ್ತಿದ್ದವು. ಆಕೆ ಇಳಿಯುವ ವೈಟ್‌ಫೀಲ್ಡ್ ಹತ್ತಿರವಾಗುತ್ತಿತ್ತು.

"ಹೇಗೂ ಸರ್ವರ್ ಒಳಗಿದೀಯ. ಅಲ್ಲಿ ಡಾಟ್ ಎಸ್‌ಎಸ್‌ಎಚ್ ಫೋಲ್ಡರ್‌ನಲ್ಲಿ ಆಥರೈಸ್ಡ್ ಕೀಸ್ ಅಂತ ಫೈಲ್ ಇದೆ, ತೆಗಿ. ಯಾರ್ಯಾರಿಗೆ ಒಳಗೆ ಬರೋ ಹಕ್ಕಿದೆ ಅನ್ನೋ ಪಟ್ಟಿ ಅದೇ. ಎಷ್ಟು ಸಾಲು?"

"ಆರು."

"ನೀವು ಎಷ್ಟು ಜನ?"

"ಮೂರು." ಅವನು ಸಾಲುಗಳ ಕೊನೆ ನೋಡಿದ. "ಇವೆರಡು ಸೀನಿಯರ್‌ಗಳದ್ದು ಇರಬೇಕು, ಪ್ರಾಜೆಕ್ಟ್ ಅವರಿಂದಲೇ ನಮಗೆ ಬಂದಿದ್ದು. ಇನ್ನೊಂದರಲ್ಲಿ 'ಯೂಸರ್ ಅಟ್ ಡೆಸ್ಕ್‌ಟಾಪ್' ಅಂತಷ್ಟೇ ಇದೆ."

"ಕೊನೇಲಿರೋ ಹೆಸರು ಬರೀ ಚೀಟಿ, ಏನು ಬೇಕಾದರೂ ಬರೀಬಹುದು. ಅದನ್ನ ನಂಬಬೇಡ. 'ಎಸ್‌ಎಸ್‌ಎಚ್-ಕೀಜೆನ್ ಮೈನಸ್ ಎಲ್ಎಫ್' ಕೊಟ್ಟು ಈ ಫೈಲಿನ ಹೆಸರು ಹಾಕು, ಪ್ರತಿ ಸಾಲಿನ ಫಿಂಗರ್‌ಪ್ರಿಂಟ್ ಬರುತ್ತೆ. ಉಬುಂಟು ತಾನೇ? ವಾರ್ ಲಾಗ್ ಒಳಗೆ ಆಥ್ ಡಾಟ್ ಲಾಗ್ ಇದೆ. ಯಾವ ಕೀಯಿಂದ ಯಾವಾಗ ಒಳಗೆ ಬಂದರು ಅಂತ ಅದೇ ಫಿಂಗರ್‌ಪ್ರಿಂಟ್ ಸಮೇತ ಬರೆದಿರುತ್ತೆ. ಎರಡನ್ನೂ ಹೊಂದಿಸಿ ನೋಡು. ಕೆಲವು ವಾರದ್ದು ಮಾತ್ರ ಉಳಿದಿರುತ್ತೆ."

ಮೂರು ಕೀಗಳ ಗುರುತು ಲಾಗ್ ತುಂಬ ಇತ್ತು. ಉಳಿದ ಮೂರು ಎಲ್ಲೂ ಇರಲಿಲ್ಲ. ಹುಡುಗ ಪ್ರಾಜೆಕ್ಟ್ ಗುಂಪಿಗೂ ಸೀನಿಯರ್‌ಗಳಿಗೂ ಮೆಸೇಜ್ ಹಾಕಿದ. ಒಬ್ಬರ ಉತ್ತರ ಕೂಡಲೇ ಬಂತು: ತನಗಿನ್ನು ಬೇಡ, ತೆಗೆದುಬಿಡಿ. ಇನ್ನೊಬ್ಬ ಸೀನಿಯರ್ ಎರಡು ನಿಮಿಷ ಬಿಟ್ಟು ಬರೆದ: ಆ ಡೆಸ್ಕ್‌ಟಾಪ್ ಕೂಡ ತನ್ನದೇ, ಹೋದ ವರ್ಷ ಮಾರಿದ್ದು, ಫಾರ್ಮ್ಯಾಟ್ ಮಾಡಿದ ನೆನಪಿಲ್ಲ.

"ಪಾಸ್‌ಫ್ರೇಸ್ ಇತ್ತಾ ಕೇಳು."

ಇರಲಿಲ್ಲ.

"ಮೂರೂ ಸಾಲು ತೆಗಿ. ತೆಗೆಯೋಕೆ ಮುಂಚೆ ಇನ್ನೊಂದು ಟರ್ಮಿನಲ್‌ನಲ್ಲಿ ಲಾಗಿನ್ ಆಗಿ ಹಾಗೇ ಬಿಟ್ಟಿರು. ತಪ್ಪಿ ನಿನ್ನ ಸಾಲನ್ನೇ ಅಳಿಸಿದರೆ ವಾಪಸ್ ಹೋಗೋಕೆ ದಾರಿ ಬೇಕಲ್ಲ. ಸೇವ್ ಮಾಡಿದ ಮೇಲೆ ಮೂರನೇ ಕಿಟಕಿಯಿಂದ ಹೊಸದಾಗಿ ಹೋಗಿ ನೋಡು. ಒಳಗೆ ಬಿಟ್ಟರೆ ಮಾತ್ರ ಹಳೇದನ್ನ ಮುಚ್ಚು." ಆಕೆ ಬ್ಯಾಗ್ ಹೆಗಲಿಗೇರಿಸಿ ಎದ್ದರು. ಅವರ ಸೀಟಿಗೆ ಆಗಲೇ ಇಬ್ಬರು ಬಗ್ಗಿದ್ದರು.

"ಅಕ್ಕಾ, ಉಳಿದವರಿಬ್ಬರ ಕೀಗೆ ಪಾಸ್‌ಫ್ರೇಸ್ ಇದೆಯೋ ಇಲ್ಲವೋ, ಸರ್ವರ್‌ನಲ್ಲಿ ಗೊತ್ತಾಗುತ್ತಾ?"

"ಗೊತ್ತಾಗಲ್ಲ. ಪಾಸ್‌ಫ್ರೇಸ್ ಇರೋದು ಅವರವರ ಫೈಲಿಗೆ, ಸರ್ವರ್‌ಗೆ ಅದರ ಸುಳಿವೇ ಇರಲ್ಲ. ಅವರನ್ನೇ ಕೇಳು. ಇಲ್ಲ ಅಂದರೆ 'ಎಸ್‌ಎಸ್‌ಎಚ್-ಕೀಜೆನ್ ಮೈನಸ್ ಪಿ' ಕೊಟ್ಟು ಹಾಕಿಕೊಳ್ಳಲಿ, ಹೊಸ ಕೀ ಮಾಡೋದೂ ಬೇಡ."

ಹುಡುಗ ಆಗಲೇ ಎರಡನೇ ಟರ್ಮಿನಲ್ ತೆರೆದಿದ್ದ.